ವಿಚಾರಣೆ ಕಿಟಕಿಯ ಆಚೆ

ನಾಸಿಕ್ ರೋಡ್ ರೈಲು ನಿಲ್ದಾಣದ ವಿಚಾರಣೆ ಕೌಂಟರಿನ ಮುಂದೆ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ಇಳಕಲ್ ಸೀರೆಯ ಹಿರಿಯ ಹೆಣ್ಣುಮಗಳು. ಕೈಯಲ್ಲಿ ಗೋದಾವರಿ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು. ತ್ರ್ಯಂಬಕೇಶ್ವರ, ಪಂಚವಟಿ ಮುಗಿಸಿಕೊಂಡು ಊರಿಗೆ ಹೊರಟವರು. ಕಿಟಕಿಗೆ ಮುಖ ಹಚ್ಚಿ ಕೇಳಿದರು: "ಯಪ್ಪಾ, ಕರ್ನಾಟಕ ಗಾಡಿ ಎಷ್ಟೊತ್ತಿಗೆ ಬರ್ತದೋ? ಗುಲಬರ್ಗಾ ಜಾನಾ ಹೈ."

ಒಳಗಿದ್ದವರು ಮರಾಠಿಯವರು. ಆಕೆಯ ಮುಖ ನೋಡಿದರು, ಕ್ಯಾನು ನೋಡಿದರು. "ಮಾವಶೀ, ಕರ್ನಾಟಕ ಎಕ್ಸ್‌ಪ್ರೆಸ್ ಇಧರ್ ನಹೀ ಆತೀ. ಮನ್ಮಾಡ್ ಜಾನಾ. ಮನ್ಮಾಡ್." ಎರಡನೆಯ ಸಲ ಹೇಳುವಾಗ ಊರಿನ ಹೆಸರನ್ನು ಬಿಡಿಸಿ, ನಿಧಾನವಾಗಿ ಹೇಳಿದರು. ಮನ್ಮಾಡಿಗೆ ಹೋಗುವ ಮುಂದಿನ ಗಾಡಿಯ ವೇಳೆಯನ್ನೂ ಪ್ಲಾಟ್‌ಫಾರಂ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. "ದೇವರು ಚಲೋ ಮಾಡ್ಲಿ" ಎಂದು ಆಕೆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಅರ್ಧ ನಿಮಿಷವೂ ಆಗಿರಲಿಲ್ಲ.

ಆ ಅರ್ಧ ನಿಮಿಷದಲ್ಲಿ ಕಿಟಕಿಯೊಳಗಿನ ಮನುಷ್ಯ ಎಷ್ಟು ಕೆಲಸ ಮಾಡಿದರು ಎಂಬುದನ್ನು ಬಿಡಿಸಿ ನೋಡಿದರೆ ಚಾಟ್‌ಬಾಟ್ ಎಂಬ ಯಂತ್ರ ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದು ಬಹುಪಾಲು ತಿಳಿದಂತೆಯೇ. ಕನ್ನಡ ಹಿಂದಿ ಕಲಸಿದ ಮಾತಿನಲ್ಲಿ ಯಾವ ಭಾಷೆ ಎಲ್ಲಿ ಮುಗಿಯಿತು ಎಂದು ಗುರುತಿಸಿದರು. 'ಕರ್ನಾಟಕ ಗಾಡಿ' ಎಂದರೆ ಕರ್ನಾಟಕಕ್ಕೆ ಹೋಗುವ ಯಾವುದೋ ಗಾಡಿಯಲ್ಲ, ಆ ಹೆಸರಿನ ಎಕ್ಸ್‌ಪ್ರೆಸ್ಸೇ ಎಂದು ತಿಳಿದರು. 'ಗುಲಬರ್ಗಾ' ಎಂದರೆ ಈಗಿನ ಕಲಬುರಗಿ ಎಂದು ಜೋಡಿಸಿಕೊಂಡರು. ಆಮೇಲೆ ಮಾಡಿದ್ದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಆಕೆ ಕೇಳಿದ್ದು ವೇಳೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ದಿಲ್ಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಭುಸಾವಳ ದಾಟಿ ಮನ್ಮಾಡಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕೋಪರಗಾಂವ್, ದೌಂಡ್, ಸೋಲಾಪುರದ ಮೇಲೆ ಕಲಬುರಗಿಗೆ ಇಳಿಯುತ್ತದೆ. ಮನ್ಮಾಡಿನಿಂದ 70 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕಿರುವ ನಾಸಿಕ್ ರೋಡನ್ನು ಅದು ಮುಟ್ಟುವುದೇ ಇಲ್ಲ. ಕೇಳಿದ ಪ್ರಶ್ನೆಯನ್ನು ಬಿಟ್ಟು, ಕೇಳಬೇಕಾಗಿದ್ದ ಪ್ರಶ್ನೆಗೆ ಅವರು ಉತ್ತರ ಕೊಟ್ಟರು.

ಈಗ ಇದೇ ಕೆಲಸವನ್ನು ಫೋನಿನೊಳಗಿನ ಯಂತ್ರಕ್ಕೆ ಒಪ್ಪಿಸುತ್ತಿದ್ದೇವೆ. ಬ್ಯಾಂಕು, ವಿಮಾ ಕಂಪನಿ, ಗ್ಯಾಸ್ ಏಜೆನ್ಸಿ, ಬಸ್ಸು, ರೈಲು ಎಲ್ಲೆಲ್ಲೂ ಮೊದಲ ಉತ್ತರ ಕೊಡುವುದು ಚಾಟ್‌ಬಾಟ್. ರೈಲ್ವೆಯ ಟಿಕೆಟ್ ಮಾರುವ ಐಆರ್‌ಸಿಟಿಸಿ 2018ರ ಅಕ್ಟೋಬರಿನಲ್ಲಿ 'ಆಸ್ಕ್‌ದಿಶಾ' ಎಂಬ ಬಾಟನ್ನು ತನ್ನ ವೆಬ್‌ಸೈಟಿಗೆ ತಂದಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಕೋರೋವರ್ ಎಂಬ ಕಂಪನಿ. ಮೊದಲು ಇಂಗ್ಲಿಷಿನಲ್ಲಿ ಶುರುವಾಗಿ 2020ರಲ್ಲಿ ಹಿಂದಿಯನ್ನೂ ಕಲಿಯಿತು. ಆಮೇಲಿನ ಆವೃತ್ತಿ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಅಲ್ಲ, ಟಿಕೆಟ್ ತೆಗೆಯುತ್ತದೆ, ರದ್ದು ಮಾಡುತ್ತದೆ, ವಾಪಸ್ ಬರಬೇಕಾದ ಹಣ ಎಲ್ಲಿದೆ ಎಂದೂ ಹೇಳುತ್ತದೆ. ನಾಸಿಕ್ ರೋಡಿನ ಕಿಟಕಿಗೆ ತೀರ ಹತ್ತಿರದ ಯಂತ್ರ ಇದೇ.

ಮಾತಾಡುವ ಯಂತ್ರದ ಕಥೆ ಮಾತ್ರ ಇದಕ್ಕಿಂತ ಅರ್ಧ ಶತಮಾನ ಹಳೆಯದು. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ 'ಎಲೈಜಾ' ಎಂಬ ಪ್ರೋಗ್ರಾಂ ಬಗ್ಗೆ ಪ್ರಬಂಧ ಬರೆದರು. ಅದರ ಹೆಸರಾಂತ ಪಾತ್ರ ಮನೋವೈದ್ಯರದು. ನೀವು ಬರೆದ ವಾಕ್ಯದಲ್ಲಿ 'ಅಮ್ಮ' ಎಂಬ ಪದ ಕಂಡರೆ "ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ" ಎನ್ನುತ್ತಿತ್ತು. ಯಾವ ಪದವೂ ಹೊಂದದಿದ್ದರೆ "ಮುಂದುವರಿಸಿ" ಎನ್ನುತ್ತಿತ್ತು. ಅರ್ಥ ಅದಕ್ಕೆ ಗೊತ್ತಿರಲಿಲ್ಲ. ಪದ ಹುಡುಕಿ, ವಾಕ್ಯ ತಿರುಗಿಸಿ ಕೊಡುವುದಷ್ಟೇ ಗೊತ್ತಿತ್ತು. ಆದರೂ ಅದರ ಜೊತೆ ಮಾತಿಗೆ ಕೂತ ವೈಜೆನ್‌ಬಾಮರ ಕಾರ್ಯದರ್ಶಿ, ಸ್ವಲ್ಪ ಹೊತ್ತಿನಲ್ಲೇ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರಂತೆ. ಎದುರಿನಿಂದ ಸರಾಗವಾದ ವಾಕ್ಯ ಬಂದರೆ ಅದರ ಹಿಂದೆ ತಿಳಿವಳಿಕೆ ಇದೆ ಎಂದು ನಾವು ನಂಬಿಬಿಡುತ್ತೇವೆ. ಈ ದೌರ್ಬಲ್ಯ ವೈಜೆನ್‌ಬಾಮರನ್ನು ಕೊನೆಯವರೆಗೂ ಕಾಡಿತು. ಇವತ್ತಿನ ಬಾಟ್‌ಗಳ ವಿಷಯದಲ್ಲಿ ಅದು ನೂರು ಪಟ್ಟು ನಿಜ.

ಗ್ರಾಹಕ ಸೇವೆಯ ಬಾಟ್ ಒಂದು ಪ್ರಶ್ನೆಯನ್ನು ಎರಡು ತುಂಡು ಮಾಡಿ ನೋಡುತ್ತದೆ. ಈ ಮನುಷ್ಯನಿಗೆ ಏನು ಬೇಕು ಎಂಬುದು ಒಂದು. ಯಾವ ಊರು, ಯಾವ ದಿನ, ಯಾವ ಗಾಡಿ ಎಂಬ ವಿವರ ಇನ್ನೊಂದು. "ನಾಳೆ ನಾಸಿಕ್‌ನಿಂದ ಸೋಲಾಪುರಕ್ಕೆ ಎರಡು ಸ್ಲೀಪರ್" ಎಂದರೆ ಉದ್ದೇಶ ಟಿಕೆಟ್ ತೆಗೆಯುವುದು. ಹೊರಡುವ ಊರು, ತಲುಪುವ ಊರು, ದಿನ, ದರ್ಜೆ, ಸಂಖ್ಯೆ ವಿವರಗಳು. ರಿಸರ್ವೇಶನ್ ಫಾರಂ ತುಂಬಿದಂತೆಯೇ ಇದೂ. ಖಾಲಿ ಉಳಿದ ಮನೆ ಇದ್ದರೆ ಬಾಟ್ ಅದನ್ನು ಮಾತ್ರ ಕೇಳುತ್ತದೆ. ಎಲ್ಲವೂ ತುಂಬಿದ ಮೇಲೆ ರೈಲ್ವೆಯ ಕಂಪ್ಯೂಟರಿಗೆ ಕಳಿಸುತ್ತದೆ.

ಹೇಳುವಾಗ ಸುಲಭ. ನಾಸಿಕ್ ರೋಡಿನ ಉದಾಹರಣೆಯನ್ನೇ ಹಿಡಿದು ಹೋದರೆ ಮೊದಲ ಹೆಜ್ಜೆಗೇ ಕಲ್ಲು ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಮುಂಬೈಯಿಂದ ಬಂದ ರೈಲುಹಳಿ ನಾಸಿಕ್ ಪಟ್ಟಣದೊಳಗೆ ಹೋಗಲಿಲ್ಲ. ಗೋದಾವರಿ ದಂಡೆಯ ಹಳೇ ಊರಿನಿಂದ ಹಲವು ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅಲ್ಲಿ ನಿಲ್ದಾಣ ಕಟ್ಟಿ, ನಾಸಿಕ್‌ಗೆ ಹೋಗುವ ದಾರಿಯ ನಿಲ್ದಾಣ ಎಂಬರ್ಥದಲ್ಲಿ 'ರೋಡ್' ಸೇರಿಸಿದರು. ರೈಲ್ವೆಯ ಭಾಷೆಯಲ್ಲಿ 'ರೋಡ್' ಎಂಬ ಬಾಲ ಇದ್ದರೆ ಊರು ಇನ್ನೂ ದೂರವಿದೆ ಎಂದು ತಿಳಿಯಬೇಕು. ಜನ ಕೇಳುವುದು 'ನಾಸಿಕ್', ರೈಲ್ವೆಯ ಪುಸ್ತಕದಲ್ಲಿರುವುದು 'ನಾಸಿಕ್ ರೋಡ್', ಸಂಕೇತ 'ಎನ್‌ಕೆ'. ಈ ಮೂರೂ ಒಂದೇ ಎಂದು ಯಾರಾದರೂ ಯಂತ್ರಕ್ಕೆ ಬರೆದುಕೊಡಬೇಕು.

ಮನ್ಮಾಡಿನಿಂದ ಒಡೆಯುವ ಇನ್ನೊಂದು ದಾರಿಯಲ್ಲಿ ಹೋದರೆ ಕಲ್ಲು ಬಂಡೆಯಾಗುತ್ತದೆ. ಅಲ್ಲಿರುವುದು ಔರಂಗಾಬಾದ್. 2023ರಲ್ಲಿ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾಯಿತು. ರೈಲು ನಿಲ್ದಾಣದ ಹೆಸರು ಬದಲಾದದ್ದು 2025ರ ಅಕ್ಟೋಬರಿನಲ್ಲಿ. ನಿಲ್ದಾಣದ ಸಂಕೇತವೂ ಬದಲಾಯಿತು. ನಡುವಿನ ಎರಡು ವರ್ಷ ಊರಿಗೊಂದು ಹೆಸರು, ನಿಲ್ದಾಣಕ್ಕೊಂದು ಹೆಸರು. ಜೊತೆಗೆ ಬಿಹಾರದಲ್ಲೂ ಒಂದು ಔರಂಗಾಬಾದ್ ಇದೆ. ಅಲ್ಲಿಗೆ ಹೋಗುವವರು ಇಳಿಯಬೇಕಾದ ನಿಲ್ದಾಣದ ಹೆಸರು ಅನುಗ್ರಹ ನಾರಾಯಣ ರೋಡ್. 1956ರವರೆಗೆ ಕಲಬುರಗಿಯೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಸಂಭಾಜಿನಗರ ಇವತ್ತಿಗೂ ಔರಂಗಾಬಾದೇ, ಕಲಬುರಗಿ ಗುಲಬರ್ಗಾವೇ, ವಿಜಯಪುರ ಬಿಜಾಪುರವೇ. ಸರ್ಕಾರ ಒಂದು ಆದೇಶದಿಂದ ಫಲಕ ಬದಲಿಸಬಹುದು, ನಾಲಿಗೆ ಬದಲಾಗಲು ಎರಡು ತಲೆಮಾರು ಬೇಕು. ಒಳ್ಳೆಯ ಬಾಟ್ ಎಂದರೆ ಈ ಎರಡು ತಲೆಮಾರಿನ ಹೆಸರುಗಳನ್ನೂ ಬಲ್ಲದ್ದು. ಇದಕ್ಕೆ ಮಹಾ ಬುದ್ಧಿವಂತಿಕೆಯ ಗಣಿತ ಬೇಕಿಲ್ಲ. ಊರೂರಿನ ಜನ ಹೇಗೆ ಮಾತಾಡುತ್ತಾರೆ ಎಂದು ಬಲ್ಲವರೊಬ್ಬರು ಕೂತು ತಾಳ್ಮೆಯಿಂದ ಪಟ್ಟಿ ಬರೆಯಬೇಕು. ನನ್ನ ಮಟ್ಟಿಗೆ ಗ್ರಾಹಕ ಸೇವೆಯ ಬಾಟಿನ ಅರ್ಧ ಯೋಗ್ಯತೆ ಇರುವುದು ಈ ಪಟ್ಟಿಯಲ್ಲೇ.

ಅಂಕಿಗಳಾದರೂ ನೇರವಾಗಿವೆಯೇ? ಟಿಕೆಟ್ಟಿನ ಪಿಎನ್‌ಆರ್ 10 ಅಂಕಿ, ಮೊಬೈಲ್ ನಂಬರೂ 10 ಅಂಕಿ. ಗಾಬರಿಯಲ್ಲಿರುವ ಪ್ರಯಾಣಿಕರು ಬರೀ ನಂಬರ್ ಹೊಡೆದು ಕಳಿಸಿದರೆ ಅದು ಯಾವುದು ಎಂದು ಹಿಂದಿನ ಮಾತು ನೋಡಿಯೇ ತಿಳಿಯಬೇಕು.

ಕನ್ನಡಕ್ಕೆ ಬಂದರೆ ಇನ್ನೊಂದು ಚೆಂದದ ತೊಡಕಿದೆ. ಇಂಗ್ಲಿಷಿನಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಊರಿನ ಹೆಸರಿಗೆ ಮೊದಲು ಬರುವ ಬೇರೆ ಪದ ಹೇಳುತ್ತದೆ. ಕನ್ನಡದಲ್ಲಿ ಅದು ಹೆಸರಿನ ಬಾಲಕ್ಕೇ ಅಂಟಿರುತ್ತದೆ: ನಾಸಿಕ್‌ನಿಂದ, ನಾಸಿಕಕ್ಕೆ, ನಾಸಿಕ್‌ರೋಡಿಗೆ, ನಾಸಿಕ್‌ದಾಗ. "ಸೋಲಾಪುರಕ್ಕೆ ನಾಸಿಕ್‌ನಿಂದ" ಎಂದರೂ "ನಾಸಿಕ್‌ನಿಂದ ಸೋಲಾಪುರಕ್ಕೆ" ಎಂದರೂ ನಮಗೆ ಒಂದೇ. ಪದದ ತಲೆ ನೋಡಿ ಕಲಿತ ಯಂತ್ರ ಇಲ್ಲಿ ಊರನ್ನು ಹಿಡಿಯುತ್ತದೆ, ದಿಕ್ಕನ್ನು ತಪ್ಪುತ್ತದೆ. ವಿಭಕ್ತಿ ಪ್ರತ್ಯಯ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಟಿಕೆಟ್ಟಿನ ಪ್ರಶ್ನೆಯಾಗುತ್ತದೆ.

'ಬೇಡ', 'ಇಲ್ಲ' ಎಂಬ ನಿಷೇಧವೂ ಕನ್ನಡದಲ್ಲಿ ಬಾಲದಲ್ಲೇ ಇರುತ್ತದೆ. ಇದನ್ನು ನಾನು ಕಲಿತದ್ದು ಕಷ್ಟದ ದಾರಿಯಲ್ಲಿ. ಅವ್ವನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆ. ಟಿಕೆಟ್ಟಿನಲ್ಲಿದ್ದ ಹತ್ತುವ ಜಾಗ ಊರಿನ ಆಚೆ ತುದಿಯಲ್ಲಿತ್ತು. ಒಂದು ಖಾಸಗಿ ಆ್ಯಪಿನ ಬಾಟಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ: "ಟಿಕೆಟ್ ರದ್ದು ಮಾಡಬೇಡಿ, ಹತ್ತೋ ಜಾಗ ಬದಲಿಸಿ ಸಾಕು." ಬಂದ ಉತ್ತರ: "ನಿಮ್ಮ ಟಿಕೆಟ್ ರದ್ದು ಮಾಡಲು ಖಚಿತಪಡಿಸಿ." ಕೆಳಗೆ ಹಸಿರು ಬಣ್ಣದ ದೊಡ್ಡ 'ಹೌದು', ಪಕ್ಕದಲ್ಲಿ ಬೂದು ಬಣ್ಣದ ಸಣ್ಣ 'ಹಿಂದಕ್ಕೆ'. ಮೂರು ಸಲ ಬೇರೆ ಬೇರೆ ರೀತಿ ಬರೆದೆ, ಮೂರು ಸಲವೂ ಅದೇ. ಬೆಳಕು ಕಡಿಮೆ ಇದ್ದ ಆ ಜಾಗದಲ್ಲಿ ಅವ್ವ ಫೋನ್ ತೆಗೆದುಕೊಂಡು ತಾನೇ ಒತ್ತಿದ್ದರೆ ಟಿಕೆಟ್ ಹೋಗುತ್ತಿತ್ತು. ಕೊನೆಗೆ ಬಸ್ಸಿನ ಕ್ಲೀನರ್ ಹುಡುಗನೇ ಫೋನ್ ಮಾಡಿ, ಎಲ್ಲಿದ್ದೀರಿ ಎಂದು ಕೇಳಿ, ದಾರಿಯಲ್ಲಿ ಹತ್ತಿಸಿಕೊಂಡ.

ಯಾಕೆ ಹಾಗಾಯಿತು ಎಂಬುದಕ್ಕೆ ಕಾರಣವಿದೆ. ಈ ಬಾಟ್‌ಗಳು ವಾಕ್ಯವನ್ನು ಸಂಖ್ಯೆಗಳ ಉದ್ದನೆಯ ಸಾಲಾಗಿ ಮಾಡಿಕೊಳ್ಳುತ್ತವೆ. ನಕ್ಷೆಯಲ್ಲಿ ಊರಿಗೆ ಎರಡು ಸಂಖ್ಯೆ ಇದ್ದರೆ ಸಾಕು, ಅಕ್ಷಾಂಶ ಮತ್ತು ರೇಖಾಂಶ. ವಾಕ್ಯಕ್ಕೆ ನೂರಾರು ಸಂಖ್ಯೆ ಬೇಕು. ಒಂದೇ ಥರದ ಅರ್ಥವುಳ್ಳ ವಾಕ್ಯಗಳು ಆ ನಕ್ಷೆಯಲ್ಲಿ ಹತ್ತಿರ ಬೀಳುತ್ತವೆ, "ಗಾಡಿ ಲೇಟೇನ್ರಿ?" ಎಂಬುದೂ "ರೈಲು ತಡವಾಗಿ ಬರುತ್ತದೆಯೇ?" ಎಂಬುದೂ ನೆರೆಹೊರೆ. ಇದು ನಿಜಕ್ಕೂ ಅದ್ಭುತವಾದ ಉಪಾಯ. ಪದ ಬೇರೆಯಾದರೂ ಅರ್ಥ ಸಿಕ್ಕುತ್ತದೆ. ಆದರೆ ಇದೇ ನಕ್ಷೆಯಲ್ಲಿ "ರದ್ದು ಮಾಡಿ" ಎಂಬುದೂ "ರದ್ದು ಮಾಡಬೇಡಿ" ಎಂಬುದೂ ಅಷ್ಟೇ ಹತ್ತಿರ ಬೀಳಬಹುದು. ಎರಡರಲ್ಲೂ ಟಿಕೆಟ್ ಇದೆ, ರದ್ದು ಇದೆ, ಮಾಡು ಇದೆ. ಬೇರೆಯಾಗಿರುವುದು ಬಾಲದ ಒಂದು ತುಣುಕು. ಕನ್ನಡದ ಪಾಠ ಕಡಿಮೆ ಕಂಡ ಯಂತ್ರಕ್ಕೆ ಆ ತುಣುಕು ಕಣ್ಣಿಗೆ ಬೀಳುವುದಿಲ್ಲ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರದ ಮಾತಿನ ಗುಣವೇ ಬದಲಾಯಿತು. ಇದರ ಬೇರು 2017ರಲ್ಲಿ ಗೂಗಲಿನ ಸಂಶೋಧಕರು ಪ್ರಕಟಿಸಿದ 'ಟ್ರಾನ್ಸ್‌ಫಾರ್ಮರ್' ಎಂಬ ವಿನ್ಯಾಸದಲ್ಲಿದೆ. ವಾಕ್ಯದ ಪ್ರತಿ ತುಣುಕೂ ಮಿಕ್ಕ ತುಣುಕುಗಳಲ್ಲಿ ಯಾವುದಕ್ಕೆ ಎಷ್ಟು ಗಮನ ಕೊಡಬೇಕು ಎಂದು ಲೆಕ್ಕ ಹಾಕುವುದು ಅದರ ಜೀವಾಳ. ಹೀಗೆ ಕಟ್ಟಿದ ದೊಡ್ಡ ಭಾಷಾ ಮಾದರಿಗೆ ಕೊಡುವ ಪಾಠ ಒಂದೇ: ಇಷ್ಟು ಬರಹ ಕೊಟ್ಟರೆ ಮುಂದಿನ ತುಣುಕು ಯಾವುದು? "ಗಾಡಿ ಎರಡು ಗಂಟೆ" ಎಂದರೆ ಮುಂದೆ 'ತಡ' ಬರುವ ಸಾಧ್ಯತೆ ಹೆಚ್ಚು, 'ಲೇಟ್' ಬರಬಹುದು, 'ಮೊದಲೇ' ಬರುವುದು ಅಪರೂಪ. ಅಪಾರ ಬರಹದ ಮೇಲೆ ಈ ಊಹೆಯನ್ನು ಮಾಡಿಸಿ ಮಾಡಿಸಿ, ತಪ್ಪಿದಾಗಲೆಲ್ಲ ಒಳಗಿನ ಸಂಖ್ಯೆಗಳನ್ನು ಚೂರು ಚೂರು ತಿದ್ದುತ್ತಾರೆ. ಆಮೇಲೆ ಮನುಷ್ಯರು ಕೂತು ಯಾವ ಉತ್ತರ ಮೇಲು, ಯಾವುದು ಕೀಳು ಎಂದು ಹೇಳಿ ಹದ ಮಾಡುತ್ತಾರೆ. ಕೊನೆಗೆ ಹೊರಬರುವುದು ಸೊಗಸಾಗಿ ವಾಕ್ಯ ಮುಂದುವರಿಸಬಲ್ಲ ಯಂತ್ರ. ಈಗ ನನ್ನ ವಾಕ್ಯವನ್ನು ಕೊಟ್ಟರೆ 'ಮಾಡಬೇಡಿ'ಯನ್ನು ಅದು ಸಾಮಾನ್ಯವಾಗಿ ಹಿಡಿಯುತ್ತದೆ.

ಆದರೆ ಒಂದು ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. "ಗಾಡಿ ಎರಡು ಗಂಟೆ ತಡ" ಎಂದು ಆ ಯಂತ್ರ ಬರೆದಾಗ ಅದಕ್ಕೆ ಗಾಡಿ ಎಲ್ಲಿದೆ ಎಂದು ಗೊತ್ತಿಲ್ಲ. ವಾಕ್ಯ ಕಟ್ಟುವುದು ಬೇರೆ, ಸಂಗತಿ ತಿಳಿಯುವುದು ಬೇರೆ. ಕಿಟಕಿಯೊಳಗಿನ ಮನುಷ್ಯ ಎದುರಿಗಿದ್ದ ಪರದೆ ನೋಡಿ ಪ್ಲಾಟ್‌ಫಾರಂ ಹೇಳಿದರು. ಭಾಷಾ ಮಾದರಿ ತಾನಾಗಿ ನೋಡುವ ಪರದೆ ಯಾವುದೂ ಇಲ್ಲ. ಅದರೊಳಗಿರುವುದು ಎಂದೋ ಓದಿದ ಬರಹದ ಅಚ್ಚು.

ಒಂದು ಸಣ್ಣ ಪರೀಕ್ಷೆ. ರೈಲು ಟಿಕೆಟನ್ನು ಎಷ್ಟು ದಿನ ಮುಂಚೆ ಕಾದಿರಿಸಬಹುದು? ವರ್ಷಗಟ್ಟಲೆ ಉತ್ತರ 120 ದಿನ ಎಂದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಹಳೆಯ ಬರಹದಲ್ಲೆಲ್ಲ 120 ಎಂದೇ ಇರುವಾಗ, ಬರೀ ನೆನಪಿನ ಮೇಲೆ ಉತ್ತರ ಕೊಡುವ ಯಂತ್ರ ಯಾವ ಅಳುಕೂ ಇಲ್ಲದೆ 120 ಎನ್ನಬಹುದು. ಅದನ್ನು ನಂಬಿ ಶ್ರಾವಣದ ಯಾತ್ರೆಗೆ ನಾಲ್ಕು ತಿಂಗಳು ಮುಂಚೆ ಟಿಕೆಟ್ ತೆಗೆಯಲು ಹೋದವರಿಗೆ ಕೌಂಟರಿನಲ್ಲಿ ಇನ್ನೂ ತೆರೆದಿಲ್ಲ ಎಂಬ ಉತ್ತರ ಸಿಗುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಮದ್ದು ಎರಡು. ಉತ್ತರ ಬರೆಯುವ ಮುಂಚೆ ಈಗಿನ ನಿಯಮಾವಳಿಯಿಂದ ಸಂಬಂಧಪಟ್ಟ ಪುಟ ಹುಡುಕಿ ಮಾದರಿಯ ಮುಂದಿಟ್ಟು "ಇದನ್ನು ನೋಡಿಯೇ ಹೇಳು" ಎನ್ನುವುದು ಒಂದು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯ ಹಾಗೆ. ಪಿಎನ್‌ಆರ್, ಗಾಡಿಯ ವೇಳೆ, ಹಣ ವಾಪಸಾತಿ ಇಂಥವನ್ನು ಮಾದರಿ ತಾನೇ ಹೇಳದೆ ರೈಲ್ವೆಯ ಕಂಪ್ಯೂಟರಿಗೆ ಕೇಳಿ, ಬಂದ ಉತ್ತರವನ್ನು ಮಾತ್ರ ವಾಕ್ಯದಲ್ಲಿ ಜೋಡಿಸುವುದು ಇನ್ನೊಂದು. ಎರಡೂ ಒಳ್ಳೆಯವು, ಎರಡೂ ಬೇಕು. ಹುಡುಕಿ ತಂದ ಪುಟವೇ ಹಳೆಯದಾಗಿದ್ದರೆ ಮಾತ್ರ ಯಾವ ಮದ್ದೂ ಹತ್ತುವುದಿಲ್ಲ. ನಿಯಮ ಬದಲಾದ ದಿನವೇ ಪುಟ ಬದಲಿಸುವ ಗುಮಾಸ್ತರೊಬ್ಬರು ಬಾಟಿನ ಹಿಂದೆ ಇರಲೇಬೇಕು.

ತಪ್ಪು ಹೇಳಿದರೆ ಹೊಣೆ ಯಾರದು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2024ರ ಫೆಬ್ರುವರಿಯಲ್ಲಿ ಒಂದು ತೀರ್ಪು ಬಂತು. ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕ ಏರ್ ಕೆನಡಾದ ಬಾಟನ್ನು, ಸಾವಿನ ಮನೆಗೆ ಹೋಗುವವರಿಗಿರುವ ರಿಯಾಯಿತಿ ಬಗ್ಗೆ ಕೇಳಿದ. ಈಗ ಟಿಕೆಟ್ ತೆಗೆದು, 90 ದಿನದೊಳಗೆ ಅರ್ಜಿ ಹಾಕಿ ರಿಯಾಯಿತಿ ಪಡೆಯಬಹುದು ಎಂದಿತು ಬಾಟ್. ಕಂಪನಿಯ ನಿಯಮ ಹಾಗಿರಲಿಲ್ಲ. ಪ್ರಯಾಣ ಆದಮೇಲೆ ಕೊಡುವುದಿಲ್ಲ ಎಂದರು. ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ಘಟಕ ಎಂಬ ಅರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. ನ್ಯಾಯಮಂಡಳಿ ಒಪ್ಪಲಿಲ್ಲ. ವೆಬ್‌ಸೈಟಿನಲ್ಲಿರುವ ಎಲ್ಲ ಮಾಹಿತಿಗೂ ಕಂಪನಿಯೇ ಜವಾಬ್ದಾರಿ, ಅದು ಪುಟದಲ್ಲಿರಲಿ ಬಾಟಿನ ಬಾಯಲ್ಲಿರಲಿ ಎಂದು ಹೇಳಿ, ಬಡ್ಡಿ ಖರ್ಚು ಸೇರಿ 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಸಣ್ಣದು, ತೀರ್ಪು ದೊಡ್ಡದು. ನಮ್ಮ ಗ್ರಾಹಕ ಆಯೋಗಗಳಿಗೂ ಇಂಥ ದೂರುಗಳು ಬರುವ ದಿನ ದೂರವಿಲ್ಲ. ಬಾಟ್ ಹೇಳಿದ ಮಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಕಂಪನಿಗಳಿಗೆ ಬಾಟ್ ಬೇಕಾಗಿರುವುದು ಮುಖ್ಯವಾಗಿ ಖರ್ಚಿಗಾಗಿ. 2023ರ ಜುಲೈನಲ್ಲಿ ಬೆಂಗಳೂರಿನ ದುಕಾನ್ ಕಂಪನಿಯ ಮುಖ್ಯಸ್ಥ, ಗ್ರಾಹಕ ಸೇವೆಯ 90% ಸಿಬ್ಬಂದಿಯನ್ನು ತೆಗೆದು ಬಾಟ್ ಹಾಕಿದ್ದಾಗಿ ಬಹಿರಂಗವಾಗಿ ಬರೆದರು. ದೂರು ಬಗೆಹರಿಯುವ ವೇಳೆ ಎರಡು ಗಂಟೆಗೂ ಮೇಲಿದ್ದದ್ದು ಮೂರು ನಿಮಿಷದ ಆಸುಪಾಸಿಗೆ ಇಳಿಯಿತು ಎಂದರು. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರ ಫೆಬ್ರುವರಿಯಲ್ಲಿ ತನ್ನ ಬಾಟ್ 700 ಜನರ ಕೆಲಸ ಮಾಡುತ್ತಿದೆ ಎಂದಿತು. ಮರುವರ್ಷ ಅದರ ಮುಖ್ಯಸ್ಥರೇ ಗುಣಮಟ್ಟ ಕುಸಿಯಿತೆಂದು ಒಪ್ಪಿ, ಬೇಕೆಂದಾಗ ಮನುಷ್ಯರೇ ಸಿಗುವಂತೆ ಮತ್ತೆ ಜನರನ್ನು ಸೇರಿಸಿಕೊಳ್ಳತೊಡಗಿದರು. ಪಿಎನ್‌ಆರ್ ಸ್ಥಿತಿ, ಬಾಕಿ ಮೊತ್ತ, ಪಾಸ್‌ವರ್ಡ್ ಇಂಥ ಪ್ರಶ್ನೆಗೆ ಬಾಟ್ ಸಾಕು, ಮನುಷ್ಯರನ್ನು ಅದಕ್ಕೆ ಕೂರಿಸುವುದು ಅವರ ಆಯಸ್ಸನ್ನು ಪೋಲು ಮಾಡಿದಂತೆ. ಉಳಿದದ್ದಕ್ಕೆ ಮನುಷ್ಯರು ಬೇಕು. ಆ 'ಉಳಿದದ್ದು' ಸಂಖ್ಯೆಯಲ್ಲಿ ಕಡಿಮೆ ಇರಬಹುದು, ಜನ ಅಳುವುದು ಅಲ್ಲೇ.

ರೈಲ್ವೆ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಸಹಾಯವಾಣಿಗಳನ್ನೆಲ್ಲ ಕೂಡಿಸಿ 139 ಒಂದೇ ನಂಬರ್ ಮಾಡಿತು. 12 ಭಾಷೆಗಳಲ್ಲಿ ನಡೆಯುತ್ತದೆ. ಅದಕ್ಕೆ ಕರೆ ಮಾಡಿ 1 ಒತ್ತಿದರೆ ಭದ್ರತೆ, ವೈದ್ಯಕೀಯ ನೆರವಿಗೆ ನೇರ ಮನುಷ್ಯರೇ ಸಿಗುತ್ತಾರೆ. ನಕ್ಷತ್ರದ ಗುರುತು ಒತ್ತಿದರೆ ಬೇರೆ ವಿಷಯಕ್ಕೂ ಮನುಷ್ಯರ ಜೊತೆ ಮಾತಾಡಬಹುದು. ಬಾಟ್ ಎಷ್ಟೇ ಜಾಣ ಇರಲಿ, ಈ ನಕ್ಷತ್ರದ ಗುಂಡಿ ಇಲ್ಲದಿದ್ದರೆ ನಾನು ಅದನ್ನು ಸೇವೆ ಎನ್ನಲಾರೆ.

ಇನ್ನು ಭಾಷೆಯ ಮಾತು. ನಾಸಿಕ್ ರೋಡ್ ನಿಲ್ದಾಣದ ಹತ್ತಿರದಲ್ಲೇ ಕರೆನ್ಸಿ ನೋಟ್ ಪ್ರೆಸ್ ಇದೆ. 1928ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ನೋಟಿನ ಹಿಂಬದಿ ತಿರುಗಿಸಿದರೆ 15 ಭಾಷೆಗಳ ಪಟ್ಟಿ, ಅದರಲ್ಲಿ ನಾಲ್ಕನೆಯ ಸಾಲು ಕನ್ನಡ. ಕನ್ನಡ ನಾಡು ಗೋದಾವರಿವರೆಗೆ ಹಬ್ಬಿದೆ ಎಂದು 'ಕವಿರಾಜಮಾರ್ಗ' ಹೇಳಿದ 1,100ಕ್ಕೂ ಹೆಚ್ಚು ವರ್ಷಗಳ ಮೇಲೂ ಗೋದಾವರಿ ದಂಡೆಯ ಈ ಊರಿನಲ್ಲಿ ಕನ್ನಡದ ಒಂದು ಸಾಲು ದಿನವೂ ಅಚ್ಚಾಗುತ್ತಿದೆ ಎಂದು ಯೋಚಿಸಿದರೆ ನನ್ನ ಎದೆ ತುಂಬುತ್ತದೆ. ಆದರೆ ಅದು ಬದಲಾಗದ ಸಾಲು. ಒಮ್ಮೆ ಬರೆದರೆ ಮುಗಿಯಿತು. ಹಲವು ಬಾಟ್‌ಗಳ ಕನ್ನಡವೂ ಹೀಗೇ ಇದೆ. ಮೊದಲ ನಮಸ್ಕಾರ ಕನ್ನಡದಲ್ಲಿ, ಆರಿಸಬೇಕಾದ ಗುಂಡಿಗಳು ಕನ್ನಡದಲ್ಲಿ. ನಾವಾಗಿ ಒಂದು ವಾಕ್ಯ ಬರೆದ ತಕ್ಷಣ ಯಂತ್ರ ತಡವರಿಸುತ್ತದೆ.

ಇದರ ಒಂದು ಕಾರಣ ಅಕ್ಷರದ ಅಳತೆಯಲ್ಲೇ ಇದೆ. ಯೂನಿಕೋಡಿನ ಸಾಮಾನ್ಯ ಬರಹದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಇಂಗ್ಲಿಷಿನಲ್ಲಿ ನಾಸಿಕ್ 6 ಅಕ್ಷರ, 6 ಬೈಟ್. ಕನ್ನಡದಲ್ಲಿ ನ, ದೀರ್ಘ, ಸ, ಗುಡಿಸು, ಕ, ಅರ್ಧಾಕ್ಷರದ ಗುರುತು ಸೇರಿ 6 ಚಿಹ್ನೆ, 18 ಬೈಟ್. ಬರಹವನ್ನು ತುಣುಕು ಮಾಡುವ ಕ್ರಮ ಇಂಗ್ಲಿಷನ್ನೇ ಹೆಚ್ಚು ನೋಡಿ ರೂಪುಗೊಂಡಿದ್ದರೆ ನಮ್ಮ ಪದ ಪುಡಿಪುಡಿಯಾಗುತ್ತದೆ. ತುಣುಕು ಹೆಚ್ಚಾದಷ್ಟೂ ಖರ್ಚು ಹೆಚ್ಚು, ತಡ ಹೆಚ್ಚು, ಅರ್ಥದ ಹಿಡಿತ ಸಡಿಲ. ಹೊಸ ಮಾದರಿಗಳು ಇದನ್ನು ಸುಧಾರಿಸುತ್ತಿವೆ. ಇನ್ನೊಂದು ಕಾರಣ ಪಾಠದ ಕೊರತೆ. ಅಂತರ್ಜಾಲದಲ್ಲಿರುವ ಕನ್ನಡ ಬಹುಪಾಲು ಪತ್ರಿಕೆಯ ಕನ್ನಡ. "ಎಷ್ಟೊತ್ತಿಗೆ ಬರ್ತದೋ", "ಬರಂಗಿಲ್ಲೇನ್ರಿ" ಎಂಬುದನ್ನು ಯಂತ್ರ ಎಲ್ಲಿ ಓದಬೇಕು?

ಓದಲು ಸಿಗದಿದ್ದರೆ ಕೇಳಿಸಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಂದ ಅವರದೇ ಕನ್ನಡದಲ್ಲಿ ವಾಕ್ಯಗಳನ್ನು ಫೋನಿಗೆ ಓದಿಸಿ, ಅದಕ್ಕೆ ಒಳ್ಳೆಯ ಕೂಲಿ ಕೊಟ್ಟು, ಧ್ವನಿ ಸಂಗ್ರಹಿಸಿದೆ. ಐಐಟಿ ಮದ್ರಾಸಿನ ಎಐ4ಭಾರತ್ ಭಾರತೀಯ ಭಾಷೆಗಳಿಗೆ ಅನುವಾದದ, ಮಾತು ಗುರುತಿಸುವ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಇದೇ ಉದ್ದೇಶದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ನಡೆದಿದೆ. ನಾನು ಇವನ್ನು ದೊಡ್ಡ ಕಂಪನಿಗಳ ಸುದ್ದಿಗಿಂತ ಹೆಚ್ಚು ಆಸ್ಥೆಯಿಂದ ಗಮನಿಸುತ್ತೇನೆ. ತನ್ನ ಹಳ್ಳಿಯ ಉಚ್ಚಾರದಲ್ಲಿ ಒಬ್ಬ ಹೆಣ್ಣುಮಗಳು ಓದಿದ ನೂರು ವಾಕ್ಯ ನಾಳೆ ಇನ್ನೊಬ್ಬರಿಗೆ ಆಸ್ಪತ್ರೆಯ ದಾರಿ ಹೇಳಬಹುದು.

ಜನರ ಕನ್ನಡ ಬಲ್ಲ ಬಾಟಿಗೆ ಗಡುವೂ ಹತ್ತಿರವಿದೆ. 2027ರಲ್ಲಿ ನಾಸಿಕ್, ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳ. 2025ರ ಪ್ರಯಾಗರಾಜದ ಕುಂಭಕ್ಕೆ ಹಿಂದಿ, ಇಂಗ್ಲಿಷಿನ ಜೊತೆ ಇನ್ನೂ 9 ಭಾರತೀಯ ಭಾಷೆಗಳಲ್ಲಿ ಮಾತಾಡುವ ಒಂದು ಬಾಟನ್ನು ಸರ್ಕಾರ ತಂದಿತ್ತು. ನಾಸಿಕ್‌ಗೂ ಅಂಥದ್ದು ಬರಲಿ, ಬರಬೇಕು. 2003ರ ನಾಸಿಕ್ ಕುಂಭದ ಕಾಲ್ತುಳಿತದಲ್ಲಿ 39 ಜನ ಸತ್ತರು. ಲಕ್ಷಾಂತರ ಜನ ಸೇರುವ ಕಡೆ ಯಾವ ಘಾಟಿಗೆ ಹೋಗಬಾರದು, ಯಾವ ದಾರಿ ಮುಚ್ಚಿದೆ ಎಂಬ ಸರಿಯಾದ ಒಂದು ಮಾತು ಜೀವ ಉಳಿಸುತ್ತದೆ, ತಪ್ಪಾದ ಒಂದು ಮಾತು ಜೀವ ತೆಗೆಯುತ್ತದೆ. ಅಲ್ಲಿಗೆ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯಿಂದ ಜನ ಹೋಗೇ ಹೋಗುತ್ತಾರೆ. ಆ ಬಾಟನ್ನು ಕಟ್ಟುವವರಲ್ಲಿ ಕನ್ನಡಿಗ ಎಂಜಿನಿಯರುಗಳು ಇರುವುದೂ ಖಂಡಿತ. ಅವರಲ್ಲಿ ನನ್ನ ಕೇಳಿಕೆ ಇಷ್ಟೇ: ನಿಮ್ಮ ಅಜ್ಜಿಯನ್ನು ಕೂರಿಸಿಕೊಂಡು ಅವರ ಬಾಯಲ್ಲೇ ಹತ್ತು ಪ್ರಶ್ನೆ ಕೇಳಿಸಿ ನೋಡಿ. ಹಳೆಯ ಊರಿನ ಹೆಸರುಗಳನ್ನು ಸೇರಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಯಂತ್ರಕ್ಕೆ ಕಲಿಸಿ. ವಿಚಾರಣೆ ಕಿಟಕಿಯನ್ನು ಮುಚ್ಚಬೇಡಿ.

ಅಷ್ಟರೊಳಗೆ ಅತ್ತ ಹೋಗುವವರು ನೆನಪಿಟ್ಟುಕೊಳ್ಳಿ: ಕರ್ನಾಟಕ ಎಕ್ಸ್‌ಪ್ರೆಸ್ ನಾಸಿಕ್ ರೋಡಿಗೆ ಬರುವುದಿಲ್ಲ, ಮನ್ಮಾಡಿನಲ್ಲಿ ಹತ್ತಬೇಕು.